ಬಾರ್ಕಾಸ್‌ನ ಸಿಪಾಯಿಗಳು ಯಾವ ಊರಿನವರು?

ಹೈದರಾಬಾದಿನಲ್ಲಿರುವ ನಮ್ಮಂಥ ಐಟಿ ಕನ್ನಡಿಗರಿಗೆ ಗಚ್ಚಿಬೌಲಿ, ಕೊಂಡಾಪುರ, ಮಾದಾಪುರ ಚೆನ್ನಾಗಿ ಗೊತ್ತು. ಊರಿಂದ ನೆಂಟರು ಬಂದರೆ ಚಾರ್ಮಿನಾರ್, ಗೋಲ್ಕೊಂಡ ತೋರಿಸುತ್ತೇವೆ. ಚಾರ್ಮಿನಾರಿನಿಂದ ಇನ್ನೂ ದಕ್ಷಿಣಕ್ಕೆ, ಫಲಕ್‌ನುಮಾ, ಚಾಂದ್ರಾಯಣಗುಟ್ಟ ದಾಟಿದ ಮೇಲೆ ಸಿಗುವ ಬಾರ್ಕಾಸ್‌ವರೆಗೆ ಹೋದವರು ಕಡಿಮೆ. ಹೆಸರು ಅರಬ್ಬಿಯಂತೆ ಕೇಳಿಸುತ್ತದೆ, ಆದರೆ ಅದು 'ಬ್ಯಾರಕ್ಸ್'! ನಿಜಾಮರ ಕಾಲದಲ್ಲಿ ಅರಬ್ ಸಿಪಾಯಿಗಳು ಇದ್ದ ಜಾಗ. ಜನರ ಬಾಯಲ್ಲಿ ತಿರುಗಿ ತಿರುಗಿ ಬಾರ್ಕಾಸ್ ಆಯಿತು.

ಹೊರಗಿನಿಂದ ಬಂದು ಹೈದರಾಬಾದಿಗಾಗಿ ಬಂದೂಕು ಹಿಡಿದವರು ಇವರೊಬ್ಬರೇ ಅಲ್ಲ. ಫ್ರೆಂಚ್ ಸೇನಾನಿ ರೇಮಂಡ್ 1798ರಲ್ಲಿ ತೀರಿಕೊಂಡ, ಅವನ ಸಮಾಧಿ ಮಲಕ್‌ಪೇಟೆಯ ಕಡೆ ಈಗಲೂ ಇದೆ. ಮಾಸಾಬ್ ಟ್ಯಾಂಕ್ ಹತ್ತಿರದ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆಯ ಹೆಸರಿನಲ್ಲಿ 'ಎ.ಸಿ.' ಎಂದರೆ ಆಫ್ರಿಕನ್ ಕ್ಯಾವಲ್ರಿ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಂತೆಯೇ ಆಫ್ರಿಕಾ ಮೂಲದ ಜನ, ಇಲ್ಲಿ ಕುದುರೆ ಸವಾರರಾಗಿದ್ದರು. ಆದರೆ ಸಂಖ್ಯೆಯಲ್ಲೂ ಪ್ರಭಾವದಲ್ಲೂ ಅರಬ್ಬರದೇ ದೊಡ್ಡ ಕಥೆ.

ಅವರ ಊರು ಹದ್ರಮೌತ್, ಈಗಿನ ಯೆಮನ್ ದೇಶದ ಪೂರ್ವ ಭಾಗ. ಮಳೆ ಕಡಿಮೆ, ಜಮೀನು ಕಡಿಮೆ, ಕುಲ ಕುಲಗಳ ನಡುವೆ ಜಗಳ ಮಾತ್ರ ಜಾಸ್ತಿ. ಗಂಡಸರು ಹಡಗು ಹತ್ತಿ ಜಾವಾ ಕಡೆಗೋ ಪೂರ್ವ ಆಫ್ರಿಕಾಕ್ಕೋ ದುಡಿಯಲು ಹೋಗುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಸಿಪಾಯಿ ಕೆಲಸಕ್ಕೆ ಹೈದರಾಬಾದಿಗೆ ಬಂದವರು ಬಹಳ. ನೇಮಕ ನಡೆಯುತ್ತಿದ್ದ ರೀತಿ ನಮಗೆ ಹೊಸದಲ್ಲ. ಸರ್ಕಾರ ಒಬ್ಬ ಜಮಾದಾರನ ಜತೆ ಮಾತಾಡಿಕೊಳ್ಳುತ್ತಿತ್ತು, ಆ ಜಮಾದಾರ ತನ್ನ ಕಡೆಯ ಜನರನ್ನು ತಂದು ನಿಲ್ಲಿಸಿ ಅವರ ಸಂಬಳಕ್ಕೆ ತಾನೇ ಹೊಣೆಯಾಗುತ್ತಿದ್ದ. ಇವತ್ತಿನ ಭಾಷೆಯಲ್ಲಿ ಥರ್ಡ್ ಪಾರ್ಟಿ ಪೇರೋಲ್.

ವ್ಯತ್ಯಾಸ ಒಂದೇ. ನಮ್ಮ ಸಂಬಳ ತಡವಾದರೆ ನಾವು ಎಚ್‌ಆರ್‌ಗೆ ಮೇಲ್ ಹಾಕುತ್ತೇವೆ. ನಿಜಾಮರ ಖಜಾನೆ ಖಾಲಿಯಾದಾಗ ಅರಬ್ ಜಮಾದಾರರು ಸರ್ಕಾರಕ್ಕೇ ಸಾಲ ಕೊಟ್ಟು, ಅದಕ್ಕೆ ಬದಲಾಗಿ ತಾಲ್ಲೂಕುಗಳ ಕಂದಾಯವನ್ನು ಅಡಮಾನ ಹಿಡಿದರು. 1853ರಲ್ಲಿ ದಿವಾನರಾದ ಮೊದಲನೇ ಸಾಲಾರ್ ಜಂಗರು ಆ ಜಮೀನು ಬಿಡಿಸಿಕೊಂಡು ಇವರನ್ನು ಹದ್ದುಬಸ್ತಿಗೆ ತರಲು ವರ್ಷಗಟ್ಟಲೆ ಹೆಣಗಿದರು.

ಈ ಜಮಾದಾರರಲ್ಲಿ ಉಮರ್ ಬಿನ್ ಅವದ್ ಅಲ್ ಕುಐತಿ ಎಂಬಾತನ ಕಥೆಯನ್ನು ಹೇಳಲೇಬೇಕು. ಬರಿಗೈಯಲ್ಲಿ ಬಂದು ನಿಜಾಮರ ಸೇವೆಯಲ್ಲಿ ಸಂಪಾದಿಸಿದ. ಊರಿಗೆ ದುಡ್ಡು ಕಳಿಸಿದ. ನಾವು ಕಳಿಸಿದ ದುಡ್ಡಿನಲ್ಲಿ ಊರಿನ ಮನೆಗೆ ಮಹಡಿ ಏಳುತ್ತದೆ, ತಪ್ಪಿದರೆ ತಂಗಿಯ ಮದುವೆಯಾಗುತ್ತದೆ. ಉಮರ್ ಕಳಿಸಿದ ದುಡ್ಡಿನಲ್ಲಿ ಅಲ್ಲೊಂದು ರಾಜ್ಯವೇ ಹುಟ್ಟಿತು! ಅವನು 1865ರಲ್ಲಿ ತೀರಿಕೊಂಡ. ಮಕ್ಕಳು ಬಂದರು ಪಟ್ಟಣ ಶಿಹ್ರ್ ಹಿಡಿದರು, 1881ರಲ್ಲಿ ಮುಕಲ್ಲಾ ಕೂಡ ಅವರ ಕೈಸೇರಿತು. ಅವರಿಗೆ ಎದುರು ನಿಂತ ಕಥೀರಿಗಳ ಮುಖಂಡನೂ ಹೈದರಾಬಾದಿನಲ್ಲಿ ಜಮಾದಾರನಾಗಿದ್ದವನೇ. ದಖ್ಖನಿನ ರೈತರು ಕಟ್ಟಿದ ಕಂದಾಯದ ಒಂದು ಪಾಲು ಅರಬ್ಬಿ ಸಮುದ್ರ ದಾಟಿ ಅಲ್ಲಿನ ಕೋಟೆಗಳಿಗೆ ಕಲ್ಲಾಯಿತು. ಆ ರೈತರಲ್ಲಿ ನಮ್ಮ ಬೀದರ, ಕಲಬುರಗಿ, ರಾಯಚೂರಿನವರೂ ಇದ್ದರು ಎಂಬುದನ್ನು ಮರೆಯಬಾರದು.

ನಮ್ಮ ಕಡೆ ಅರಬ್ಬರ ನೆನಪು ಅಷ್ಟೇನೂ ಸಿಹಿಯಲ್ಲ. ಅರಬರು, ರೋಹಿಲರು ಎಂದರೆ ಸಾಲ ವಸೂಲಿಗೆ ಬಾಗಿಲಲ್ಲಿ ಬಂದು ಕೂರುವವರು ಎಂದೇ ಹಿರಿಯರು ಹೇಳುತ್ತಿದ್ದರು. ಆದರೆ 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತಾಗ ಅವರ ಬೇಡರ ಪಡೆಯ ಜತೆ ಇದೇ ಅರಬ್, ರೋಹಿಲಾ ಸಿಪಾಯಿಗಳೂ ಇದ್ದರು. ಅದೇ ಸುರಪುರದಲ್ಲಿ ಅದಕ್ಕೂ ಮುಂಚೆ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್ ಕೂಡ ವಲಸಿಗನೇ. ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬಂದು 1824ರಲ್ಲಿ ನಿಜಾಮರ ಪಡೆಗೆ ಸೇರಿದವನು. ಟೇಲರ್‌ಗೂ ಅರಬ್ ಸಿಪಾಯಿಗೂ ಸಂಬಳ ಬಂದದ್ದು ಒಂದೇ ಖಜಾನೆಯಿಂದ. ಟೇಲರ್ ಆತ್ಮಕಥೆ ಬರೆದ, ಅವನ ಬಂಗಲೆ 'ಟೇಲರ್ ಮಂಜಿಲ್' ನೋಡಲು ನಾವು ಗುಡ್ಡ ಹತ್ತುತ್ತೇವೆ. ಸುರಪುರದಲ್ಲಿ ಕಾದಾಡಿದ ಒಬ್ಬ ಅರಬ್ಬನ ಹೆಸರಾದರೂ ನಮಗೆ ಗೊತ್ತಿದೆಯೇ?

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ಕ್ಕೆ ಎಲ್ಲ ಮುಗಿಯಿತು. ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದ ನಿಜಾಮರ ಸೇನಾಪತಿ ಎಲ್ ಇದ್ರೂಸ್ ಸಹ ಹದ್ರಮೌತ್ ಮೂಲದ ಮನೆತನದವರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಅಲ್ಲೇ ತೀರಿಕೊಂಡರು.

ಸೇನಾಪತಿಗೆ ಬೆಂಗಳೂರು ಸಿಕ್ಕಿತು. ಸಿಪಾಯಿಗೆ? ಪಡೆ ವಿಸರ್ಜನೆಯಾಯಿತು, ಸಂಬಳ ನಿಂತಿತು. ರಜಾಕಾರರ ಹಾವಳಿ ಅನುಭವಿಸಿದ್ದ ಜನರಿಗೆ ಅರಬ್ಬರನ್ನು ಕಂಡರೆ ಸಿಟ್ಟಿತ್ತು, ಅದಕ್ಕೆ ಕಾರಣಗಳೂ ಇದ್ದವು. ಅನೇಕ ಅರಬ್ಬರನ್ನು ಹಿಡಿದು ಶಿಬಿರಗಳಲ್ಲಿ ಇಟ್ಟರು. ಇವರು ವಿದೇಶಿಯರು, ಏಡನ್ ಕಡೆಗೆ ವಾಪಸ್ ಕಳಿಸಬೇಕು ಎಂಬುದು ಸರ್ಕಾರದ ವಿಚಾರವಾಗಿತ್ತು. ಆದರೆ ಕಳಿಸುವುದು ಯಾರನ್ನು? ಅವರಲ್ಲಿ ಎಷ್ಟೋ ಜನ ಇಲ್ಲೇ ಹುಟ್ಟಿದವರು. ತಾಯಿ, ಅಜ್ಜಿ ದಖ್ಖನಿನವರು, ಮನೆಯ ಮಾತು ದಖ್ಖನಿ. ಹದ್ರಮೌತನ್ನು ಕಣ್ಣಿನಿಂದ ಕಾಣದವರಿಗೆ ಅದು ಹೇಗೆ 'ವಾಪಸ್' ಆಗುತ್ತದೆ?

ನಿಜಾಮರ ಸರ್ಕಾರದ ಬಳಿ ಇದಕ್ಕೊಂದು ಲೆಕ್ಕವಿತ್ತು. 1919ರ ಮುಲ್ಕಿ ನಿಯಮದ ಪ್ರಕಾರ ಹೊರಗಿನವನು 15 ವರ್ಷ ಇಲ್ಲಿ ಕಾಯಂ ಆಗಿದ್ದು, ಹಳೆಯ ಊರಿಗೆ ಮರಳುವ ಯೋಚನೆ ಬಿಟ್ಟಿದ್ದೇನೆ ಎಂದು ಪ್ರಮಾಣಪತ್ರ ಕೊಟ್ಟರೆ ಈ ಮುಲ್ಕಿನವನೇ. ಕಲಬುರಗಿಯ ನಾನು ಆ ಕಾಲದಲ್ಲಾಗಿದ್ದರೆ ಹುಟ್ಟಿನಿಂದಲೇ ಮುಲ್ಕಿ. ಆಫೀಸಿನಲ್ಲಿ ಪಕ್ಕದ ಸೀಟಿನ ಮೈಸೂರಿನ ಗೆಳೆಯನಿಗೆ 15 ವರ್ಷದ ವನವಾಸ! ಊರಿಗೆ ಮರಳುವುದಿಲ್ಲ ಎಂದು ಅವನು ಸಹಿ ಹಾಕುತ್ತಾನೆಯೇ ಎಂದು ಕೇಳಿದೆ. ಉತ್ತರ ಇನ್ನೂ ಬಂದಿಲ್ಲ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಬದಲಾಯಿತು. ನಮ್ಮ ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಸೇರಿದವು, ಅದು ಆಗಬೇಕಾದದ್ದೇ. ಆದರೆ ಅಲ್ಲಿಂದಾಚೆ ಈ ಊರಿನಲ್ಲಿ ಕಲಬುರಗಿಯವನು ಹೊರಗಿನವನು, ಉಳಿದುಕೊಂಡ ಅರಬ್ ಸಿಪಾಯಿಯ ಮೊಮ್ಮಗ ಊರಿನವನು.

ಹೋದ ಚಳಿಗಾಲದಲ್ಲಿ ಬಾರ್ಕಾಸ್‌ಗೆ ಹೋಗಿದ್ದೆ. ಪ್ಯಾಂಟಿನವರಿಗಿಂತ ಲುಂಗಿಯವರು ಹೆಚ್ಚು, ರಸ್ತೆ ಬದಿ ಸೀಬೆಹಣ್ಣಿನ ಬುಟ್ಟಿಗಳು. ಗೋಧಿ, ಮಾಂಸ ಕುಟ್ಟಿ ಬೇಯಿಸಿದ ಹರೀಸ್ ಮಾರುವ ಅಂಗಡಿಯಲ್ಲಿ ಹಿರಿಯರೊಬ್ಬರು, "ಕಹಾಂ ಕೆ ಹೋ ಬೇಟಾ?" ಎಂದರು.

"ಗುಲ್ಬರ್ಗಾ, ಚಾಚಾ."

"ಅರೆ, ಅಪನೇಚ್ ಲೋಗಾಂ!"

ಅವರ ಅಜ್ಜ ನಿಜಾಮರ ಪಡೆಯಲ್ಲಿದ್ದರಂತೆ. ಎಲ್ಲಿ ಕೆಲಸ ಮಾಡುತ್ತಿದ್ದರು ಎಂದು ಕೇಳಿದೆ. ಖಜಾನೆಯ ಬಾಗಿಲು ಕಾಯುತ್ತಿದ್ದರು ಎಂದರು. ಕಾಗದಪತ್ರ, ಫೋಟೊ ಏನಾದರೂ ಉಂಟೇ ಎಂದರೆ ತಲೆಯಾಡಿಸಿ ಇಲ್ಲ ಎಂದರು. ಅವರ ಮಗ ಮಾತ್ರ ಈಗ ಸೌದಿಯಲ್ಲಿದ್ದಾನೆ, ಒಂದು ಕಂಪನಿಯಲ್ಲಿ ಸೆಕ್ಯೂರಿಟಿ ಗಾರ್ಡ್. ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಾನೆ.