ಉಗುರಿಗೆ ತಾಕುವಷ್ಟು ಗೀರು

ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಬೋಯಿಂಗೂ ಅಲ್ಲ, ಏರ್‌ಬಸ್ಸೂ ಅಲ್ಲ; ನಾಲ್ಕು ಸೀಟಿನ ಸೆಸ್ನಾ 172. 1956ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ವಿಮಾನ ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ಖಾಸಗಿ ಮಾಲೀಕರ ಶೆಡ್ಡುಗಳಲ್ಲಿ, ಹಾರಾಟ ಕಲಿಸುವ ಶಾಲೆಗಳಲ್ಲಿ ಎಲ್ಲೆಲ್ಲೂ ಇದೇ. ನಮ್ಮ ಜಕ್ಕೂರಿನ ಏರೋಡ್ರೋಮಿನಲ್ಲೂ ಇದನ್ನು ನೋಡಬಹುದು.

ಇದರ ಮೂತಿಯಲ್ಲಿ ಎರಡು ಅಲಗುಗಳ ಪ್ರೊಪೆಲ್ಲರ್ ಇದೆ. ಅಲ್ಯೂಮಿನಿಯಂ ಮಿಶ್ರಲೋಹದ ಒಂದೇ ತುಂಡು. ಈಚಿನ 172ಎಸ್ ಮಾದರಿಯಲ್ಲಿ ತುದಿಯಿಂದ ತುದಿಗೆ 76 ಇಂಚು. ನಡುವೆ ಗೇರ್ ಇಲ್ಲ, ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೇ ಬೋಲ್ಟು ಬಿಗಿದಿರುತ್ತಾರೆ. ಎಂಜಿನ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ 2,700 ಸುತ್ತು ತಿರುಗಿದಾಗ ಅಲಗಿನ ತುದಿ ಗಂಟೆಗೆ ಸುಮಾರು 980 ಕಿ.ಮೀ. ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಆಗ ಪ್ರತಿ ಅಲಗನ್ನೂ ಬುಡದಿಂದ ಹೊರಕ್ಕೆ ಎಳೆಯುವ ಬಲ ಹಲವು ಟನ್ನುಗಳಷ್ಟು. ಅದರ ಜೊತೆಗೆ ಎಂಜಿನ್ನಿನ ಪ್ರತಿ ಸಿಲಿಂಡರಿನ ಸ್ಫೋಟವೂ ಅಲಗನ್ನು ಒಮ್ಮೆ ನಡುಗಿಸುತ್ತದೆ.

ಇಂಥ ಅಲಗಿಗೆ ದೊಡ್ಡ ಶತ್ರು ಸಣ್ಣ ಕಲ್ಲು. ನೆಲದ ಮೇಲೆ ನಿಂತೇ ಎಂಜಿನ್ ಜೋರು ಮಾಡಿದರೆ ಪ್ರೊಪೆಲ್ಲರಿನ ಕೆಳಗೆ ಸುಳಿ ಎದ್ದು ಜಲ್ಲಿಕಲ್ಲನ್ನು ಮೇಲಕ್ಕೆಳೆಯುತ್ತದೆ. ಕಲ್ಲು ತಾಗಿದಲ್ಲಿ ಅಲಗಿನ ಮುಂದಂಚಿನಲ್ಲಿ ಚೂಪಾದ ಕಚ್ಚು ಬೀಳುತ್ತದೆ. ಬಟ್ಟೆ ಅಂಗಡಿಯವರು ಥಾನಿನ ಅಂಚಿಗೆ ಕತ್ತರಿಯಿಂದ ಚೂರು ಕಚ್ಚು ಹಾಕಿ ಉಳಿದದ್ದನ್ನು ಪರ್ರನೆ ಹರಿಯುತ್ತಾರಲ್ಲ, ಲೋಹದಲ್ಲೂ ಅದೇ ಕತೆ. ಎಳೆತವೆಲ್ಲ ಕಚ್ಚಿನ ಮೊನೆಯಲ್ಲಿ ಒಟ್ಟಾಗಿ ಕಣ್ಣಿಗೆ ಕಾಣದ ಬಿರುಕು ಶುರುವಾಗುತ್ತದೆ, ಹಾರಾಟದಿಂದ ಹಾರಾಟಕ್ಕೆ ಬೆಳೆಯುತ್ತದೆ. ತುದಿಯ ಒಂದಿಷ್ಟು ಭಾಗ ಕಿತ್ತುಹೋದರೂ ಸಾಕು, ಸಮತೋಲ ತಪ್ಪಿದ ಪ್ರೊಪೆಲ್ಲರ್ ಎಂಜಿನ್ನನ್ನೇ ಅದರ ಚೌಕಟ್ಟಿನಿಂದ ಕಿತ್ತುಹಾಕಬಲ್ಲದು.

ಆದ್ದರಿಂದಲೇ ಪ್ರತಿ ಹಾರಾಟಕ್ಕೆ ಮುಂಚೆ ಪೈಲಟ್ ಅಲಗುಗಳನ್ನು ಬುಡದಿಂದ ತುದಿವರೆಗೆ ಪರೀಕ್ಷಿಸುತ್ತಾನೆ. ಉಗುರಿಗೆ ಏನಾದರೂ ತಡೆದರೆ ಮೆಕ್ಯಾನಿಕ್ಕನ್ನು ಕರೆಯಬೇಕು. ಮುಂದಿನದು ಅರದ ಕೆಲಸ. ನಯವಾದ ಅರ ಹಿಡಿದು ಕಚ್ಚಿನ ಸುತ್ತಲಿನ ಲೋಹವನ್ನು ಅಲಗಿನ ಉದ್ದಕ್ಕೇ ಉಜ್ಜುತ್ತಾರೆ, ಅಡ್ಡಕ್ಕೆ ಉಜ್ಜುವ ಹಾಗಿಲ್ಲ. ಚೂಪಾದ ಗಾಯ ಹೋಗಿ ತಟ್ಟೆಯಂಥ ತಗ್ಗು ಉಳಿಯಬೇಕು. ಅದರ ಉದ್ದ ಆಳಕ್ಕಿಂತ ಸುಮಾರು ಹತ್ತು ಪಟ್ಟಾದರೂ ಇರಬೇಕು. ಆಮೇಲೆ ಎಮರಿ ಕಾಗದದಿಂದ ಅರದ ಗೆರೆಗಳನ್ನೂ ಅಳಿಸುತ್ತಾರೆ. ಕೊನೆಗೆ ಬಣ್ಣದ ದ್ರವ ಸವರಿ ಒರೆಸಿ, ಭೂತಗನ್ನಡಿಯಲ್ಲಿ ನೋಡುತ್ತಾರೆ: ಬಿರುಕು ಉಳಿದಿದ್ದರೆ ಅದರೊಳಗೆ ಇಳಿದ ಬಣ್ಣ ಗೆರೆಯಾಗಿ ಮೇಲೆ ಬರುತ್ತದೆ. ಅಲಗಿನ ಅಗಲ, ದಪ್ಪ ಎರಡನ್ನೂ ತಯಾರಕರ ಮಿತಿಯೊಂದಿಗೆ ಹೋಲಿಸಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ವಿಮಾನ ಮೇಲೇರುವುದು. ಭಾರತದಲ್ಲಿ ಈ ಸಹಿ ಹಾಕುವ ಅಧಿಕಾರ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪರವಾನಗಿ ಪಡೆದ ಎಂಜಿನಿಯರಿಗೆ ಮಾತ್ರ. ಇದು ಅರ್ಧ ಗಂಟೆಯ ಕೆಲಸವೇ ಇರಬಹುದು, ಆದರೆ ವಿಮಾನ ನಿರ್ವಹಣೆಯಲ್ಲಿ ಕೈಗುಣ ಇಷ್ಟು ನೇರವಾಗಿ ಜೀವ ಕಾಯುವ ಕೆಲಸ ಮತ್ತೊಂದಿಲ್ಲ.

ಗಾಯ ಹೊರಗೇ ಇರಬೇಕೆಂದೂ ಇಲ್ಲ. 1995ರ ಆಗಸ್ಟ್ 21ರಂದು ಅಮೆರಿಕದ ಅಟ್ಲಾಂಟಾದಿಂದ ಹೊರಟ ಎಂಬ್ರೇಯರ್ 120 ವಿಮಾನದ ಒಂದು ಅಲಗು ಆಕಾಶದಲ್ಲೇ ಮುರಿಯಿತು. 29 ಜನರಿದ್ದ ವಿಮಾನ ಜಾರ್ಜಿಯಾದ ಕ್ಯಾರಲ್ಟನ್ ಬಳಿ ಹೊಲಕ್ಕೆ ಬಿತ್ತು. ಅದು ಖಾಸಗಿ ವಿಮಾನವಲ್ಲ, ಆದರೆ ಅದರ ತನಿಖೆಯನ್ನು ಪ್ರೊಪೆಲ್ಲರ್ ಮುಟ್ಟುವ ಪ್ರತಿಯೊಬ್ಬರೂ ಓದಬೇಕು. ಅಲಗಿನ ಟೊಳ್ಳಿನಲ್ಲಿದ್ದ ಕಾರ್ಕಿನ ಕ್ಲೋರಿನ್ ಅಂಶದಿಂದ ಒಳಗೋಡೆ ತುಕ್ಕು ಹಿಡಿದು ಕುಳಿ ಬಿದ್ದಿತ್ತು, ಕುಳಿಯಿಂದ ಬಿರುಕು ಹುಟ್ಟಿತ್ತು. ಹಿಂದೊಮ್ಮೆ ದುರಸ್ತಿಗೆ ಹೋದಾಗ ಒಳಗೋಡೆಯನ್ನು ಉಜ್ಜಿ ನಯ ಮಾಡಲಾಗಿತ್ತು. ಬಿರುಕು ಮಾತ್ರ ಹಾಗೆಯೇ ಉಳಿದಿತ್ತು.

ತುಕ್ಕಿನ ವಿಷಯದಲ್ಲಿ ಮಾಲೀಕರು ಮಾಡಬಹುದಾದ್ದು ಸರಳ. ಮೆದು ಸಾಬೂನಿನ ನೀರು, ಮೆತ್ತನೆಯ ಬಟ್ಟೆ ಸಾಕು. ರಭಸದ ನೀರಿನ ಪಂಪು, ಉಕ್ಕಿನ ನಾರು ಬೇಡವೇ ಬೇಡ. ಕೋನ ಬದಲಿಸಬಲ್ಲ ಅಲಗುಗಳಿದ್ದರೆ ರಭಸದ ನೀರು ನಡುವಿನ ಹಬ್ಬಿನೊಳಗೆ ಹೊಕ್ಕುಬಿಡುತ್ತದೆ. ಮೆಕಾಲಿ ಕಂಪನಿ ಇಂಥ ಕೆಲವು ಹಬ್ಬುಗಳಲ್ಲಿ ಕೆಂಪು ಬಣ್ಣ ಬೆರೆಸಿದ ಎಣ್ಣೆಯನ್ನೇ ತುಂಬುತ್ತದೆ. ಹೊರಗೆ ಕೆಂಪು ಜಿನುಗಿದರೆ ಒಳಗೆ ಬಿರುಕಿರಬಹುದೆಂದು ತಿಳಿದು ವಿಮಾನವನ್ನು ನೆಲದಲ್ಲೇ ನಿಲ್ಲಿಸಬೇಕು.

ಎಲ್ಲ ಅಲಗೂ ಲೋಹದ್ದಲ್ಲ. ನಾರು-ರಾಳದ ಕಾಂಪೊಸಿಟ್ ಅಲಗುಗಳು ಈಗ ಹೆಚ್ಚುತ್ತಿವೆ. ಅವುಗಳ ಪರೀಕ್ಷೆಯ ಒಂದು ವಿಧಾನ ಕಿವಿಗೆ ಬಿಟ್ಟದ್ದು: ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಿದ್ದರೆ ದನಿ ಮಂಕಾಗುತ್ತದೆ.

ಪ್ರೊಪೆಲ್ಲರ್ ನೆಲಕ್ಕೆ ತಾಗಿದರೆ ಲೆಕ್ಕಾಚಾರವೇ ಬೇರೆ. ಬಾಗಿದ ಅಲಗು ಕಣ್ಣಿಗೆ ಕಾಣುತ್ತದೆ, ಆ ಹೊಡೆತ ಕ್ರ್ಯಾಂಕ್‌ಶಾಫ್ಟಿಗೆ ಮಾಡಿದ್ದು ಕಾಣುವುದಿಲ್ಲ. ಹಾಗಾಗಿ ಲೈಕಮಿಂಗ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಗೇರನ್ನು ತೆರೆದು ಪರೀಕ್ಷಿಸುವುದನ್ನು ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 2004ರಲ್ಲಿ ಕಡ್ಡಾಯ ಮಾಡಿತು. ಖರ್ಚಿಗೆ ಹೆದರಿ ಅಲಗನ್ನಷ್ಟೇ ಬದಲಿಸಿ ಹಾರಲು ಹೊರಡುವುದು ಶುದ್ಧ ದುಸ್ಸಾಹಸ.

ಓದುಗರಿಗೊಂದು ಮಾತು. ಯಲಹಂಕದ ವೈಮಾನಿಕ ಪ್ರದರ್ಶನದಲ್ಲೋ ಬೇರೆಲ್ಲೋ ಸಣ್ಣ ವಿಮಾನ ನಿಂತಿದ್ದರೆ ಫೋಟೊಗಾಗಿ ಪ್ರೊಪೆಲ್ಲರ್ ಹಿಡಿದು ತಿರುಗಿಸಬೇಡಿ, ಮಕ್ಕಳನ್ನೂ ಬಿಡಬೇಡಿ. ಈ ಎಂಜಿನ್ನುಗಳ ಕಿಡಿ ಬ್ಯಾಟರಿಯಿಂದ ಬರುವುದಿಲ್ಲ, ಮ್ಯಾಗ್ನೆಟೋದಿಂದ ಬರುತ್ತದೆ. ಸ್ವಿಚ್ಚಿನ ಒಂದು ತಂತಿ ಕಡಿದಿದ್ದರೂ ಕೀಲಿ ತೆಗೆದ ಎಂಜಿನ್, ಕೈಯಿಂದ ಒಮ್ಮೆ ತಿರುಗಿಸಿದ್ದಕ್ಕೇ ಹೊತ್ತಿಕೊಳ್ಳಬಹುದು.