ಬ್ಯಾಟರಿ ಕೇಬಲ್‌ಗೆ ತಕ್ಕ ಕ್ರಿಂಪಿಂಗ್ ಟೂಲ್ ಯಾವುದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಹೊಲಕ್ಕೆ ಟ್ರ್ಯಾಕ್ಟರ್ ಬೇಕು, ಕರೆಂಟು ಹೋದಾಗ ಮನೆಗೆ, ಅಂಗಡಿಗೆ ಇನ್ವರ್ಟರ್ ಬೇಕು. ಎರಡಕ್ಕೂ ಬ್ಯಾಟರಿಯೇ ಆಧಾರ. ಸೆಲ್ಫ್ ಎಳೆಯದಿದ್ದರೆ, ಇನ್ವರ್ಟರ್ ಬೇಗ ಕೈಕೊಟ್ಟರೆ ನಾವು ಮೊದಲು ಬ್ಯಾಟರಿಯನ್ನೇ ದೂರುತ್ತೇವೆ, ಹಲವು ಸಲ ಬದಲಾಯಿಸಿಯೂ ಬಿಡುತ್ತೇವೆ. ದಪ್ಪ ಕೇಬಲ್‌ನ ತುದಿಗೆ ಹಾಕಿದ ಲಗ್ಗನ್ನು, ಅಂದರೆ ಎಲೆಕ್ಟ್ರಿಷಿಯನ್‌ಗಳು ಥಿಂಬಲ್ ಎನ್ನುವ ತಾಮ್ರದ ಕೊಳವೆಯನ್ನು, ಯಾರೂ ಪರೀಕ್ಷಿಸುವುದಿಲ್ಲ. ಆ ಲಗ್ಗನ್ನು ಯಾವ ಉಪಕರಣದಿಂದ ಒತ್ತಲಾಗಿದೆ ಎಂಬುದು ಬ್ಯಾಟರಿಯ ಕಂಪನಿಯಷ್ಟೇ ಮುಖ್ಯವಾದ ಪ್ರಶ್ನೆ.

ಇದಕ್ಕೆ ಕಾರಣ ಕಡಿಮೆ ವೋಲ್ಟೇಜಿನಲ್ಲಿದೆ. 800 ವಾಟ್ ಲೋಡಿಗೆ 230 ವೋಲ್ಟ್ ಲೈನಿನಲ್ಲಿ ಹರಿಯುವುದು ಸುಮಾರು 3.5 ಆಂಪಿಯರ್. ಅದೇ ಲೋಡನ್ನು 12 ವೋಲ್ಟಿನ ಬ್ಯಾಟರಿ ಹೊರಬೇಕಾದರೆ, ಇನ್ವರ್ಟರಿನ ನಷ್ಟವನ್ನೂ ಸೇರಿಸಿ, ಸುಮಾರು 80 ಆಂಪಿಯರ್ ಹರಿಯಬೇಕು. ಶಾಖ ಏರುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಹಾಗಾಗಿ ಒಂದೇ ರೋಧದಲ್ಲಿ ಬ್ಯಾಟರಿ ಕಡೆ ಹುಟ್ಟುವ ಶಾಖ ಸುಮಾರು 500 ಪಟ್ಟು ಹೆಚ್ಚು. ಕೆಟ್ಟ ಜೋಡಣೆಯಲ್ಲಿ 5 ಮಿಲಿಓಮ್ ರೋಧವಿದ್ದರೆ ಅಲ್ಲಿ 32 ವಾಟ್ ಶಾಖ ಏಳುತ್ತದೆ. ಸಾಮಾನ್ಯ ಸೋಲ್ಡರಿಂಗ್ ಐರನ್ನಿನದೇ 25 ವಾಟ್. ಟ್ರ್ಯಾಕ್ಟರಿನ ಸೆಲ್ಫ್ ಮೋಟರ್ 300 ಆಂಪಿಯರ್ ಎಳೆಯುವಾಗ ಅದೇ ಜೋಡಣೆ ಒಂದೂವರೆ ವೋಲ್ಟನ್ನು ನುಂಗಿಬಿಡುತ್ತದೆ. ಬ್ಯಾಟರಿ ಚೆನ್ನಾಗಿದ್ದರೂ ಎಂಜಿನ್ ತಿರುಗಲು ಒದ್ದಾಡುತ್ತದೆ.

ರೋಧ ಹುಟ್ಟುವುದು ಹೇಗೆ? ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಎರಡು ಲೋಹದ ಮೈಗಳು ನಿಜವಾಗಿ ತಾಗುವುದು ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ. ವಿದ್ಯುತ್ ಸಂಪರ್ಕಗಳ ವಿಜ್ಞಾನಕ್ಕೆ ಬುನಾದಿ ಹಾಕಿದ ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನರ್ ಹೋಮ್ ವಿವರಿಸಿದ್ದು ಇದನ್ನೇ. ಒತ್ತಡ ಹೆಚ್ಚಿದಂತೆ ಈ ಬಿಂದುಗಳು ಹಿಗ್ಗುತ್ತವೆ, ಮೇಲಿನ ಆಕ್ಸೈಡ್ ಪದರ ಒಡೆಯುತ್ತದೆ, ತಾಮ್ರಕ್ಕೆ ತಾಮ್ರ ನೇರವಾಗಿ ಅಂಟುತ್ತದೆ. ಬ್ಯಾಟರಿ ಕೇಬಲ್‌ನಲ್ಲಿ ನೂರಾರು ಸಣ್ಣ ಎಳೆಗಳಿರುತ್ತವೆ. ಅವೆಲ್ಲ ಒಂದಕ್ಕೊಂದು ಅಮರಿ, ನಡುವೆ ಗಾಳಿಗೆ ಎಡೆಯಿಲ್ಲದಂತಾದರೆ ಮಾತ್ರ ಜೋಡಣೆ ಬಾಳುತ್ತದೆ. ಎಡೆ ಉಳಿದರೆ ತೇವವೂ ಬ್ಯಾಟರಿಯ ಆಮ್ಲದ ಆವಿಯೂ ಒಳಹೊಕ್ಕು ತಾಮ್ರ ಹಸಿರುಗಟ್ಟುತ್ತದೆ, ರೋಧ ಏರುತ್ತದೆ, ಶಾಖ ಹೆಚ್ಚುತ್ತದೆ, ಶಾಖದಿಂದ ಜೋಡಣೆ ಇನ್ನಷ್ಟು ಕೆಡುತ್ತದೆ.

ಉಪಕರಣದ ಆಯ್ಕೆಯನ್ನು ಈ ತತ್ವದಿಂದಲೇ ತೂಗಬೇಕು. ಮನೆ ವೈರಿಂಗಿನ ಇಕ್ಕಳದಂಥ ಕ್ರಿಂಪಿಂಗ್ ಟೂಲ್ ಸಾಮಾನ್ಯವಾಗಿ 6 ಚದರ ಮಿಲಿಮೀಟರ್ ವರೆಗಿನ ತಂತಿಗೆ ಸಾಕು. ಬ್ಯಾಟರಿಗೆ ಬಳಸುವ 25, 35, 50 ಚದರ ಮಿಲಿಮೀಟರ್ ಕೇಬಲ್‌ಗೆ ಅದರ ಬಲ ಸಾಲದು. ಸುತ್ತಿಗೆ, ಉಳಿಯಿಂದ ಹೊಡೆದರೆ ಒತ್ತಡ ಒಂದೇ ಕಡೆ ಬಿದ್ದು, ಎಳೆಗಳು ಒಂದು ಬದಿಯಲ್ಲಿ ಜಜ್ಜಿಹೋಗಿ ಇನ್ನೊಂದು ಬದಿಯಲ್ಲಿ ಸಡಿಲವಾಗಿ ಉಳಿಯುತ್ತವೆ. ಷಟ್ಕೋನದ ಡೈಗಳಿರುವ, ಅಂದರೆ ಒತ್ತುವ ಅಚ್ಚುಗಳಿರುವ, ಹೈಡ್ರಾಲಿಕ್ ಟೂಲ್ ಆರು ಕಡೆಯಿಂದಲೂ ಸಮನಾಗಿ ಅಮುಕುತ್ತದೆ. ಈ ಗಾತ್ರದ ಕೇಬಲ್‌ಗೆ ನಂಬಬಹುದಾದದ್ದು ಅದೇ.

ಹೈಡ್ರಾಲಿಕ್ ಆದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ, ಟೂಲ್‌ನ ಬಲ ಹೇಳುವ ಟನ್ನುಗಳ ಲೆಕ್ಕಕ್ಕೆ ಮರುಳಾಗಬಾರದು. ಡೈ ಸಣ್ಣದಾದರೆ ಲಗ್ಗಿನ ಎರಡೂ ಬದಿಯಲ್ಲಿ ರೆಕ್ಕೆಯಂತೆ ಲೋಹ ಹೊರಚೆಲ್ಲುತ್ತದೆ. ದೊಡ್ಡದಾದರೆ ಎರಡು ಡೈಗಳು ಪೂರ್ತಿ ಕೂಡಿದರೂ ಒಳಗೆ ಸಡಿಲ ಉಳಿಯುತ್ತದೆ. ಅಗ್ಗದ ಟೂಲ್‌ಗಳ ಡೈ ಮೇಲೆ ಕೊರೆದ ಸಂಖ್ಯೆ ನಿಮ್ಮ ಲಗ್ಗಿನ ದಪ್ಪಕ್ಕೆ ಹೊಂದದೆ ಇರಬಹುದು. ಆದ್ದರಿಂದ ಕೊಳ್ಳುವ ಮೊದಲೇ ಒಂದು ಲಗ್ಗನ್ನು ಒತ್ತಿಸಿ, ನಡುವೆ ಹ್ಯಾಕ್ಸಾದಿಂದ ಕೊಯ್ದು, ಕೊಯ್ದ ಮುಖವನ್ನು ಉಜ್ಜಿ ನೋಡಬೇಕು. ಎಳೆಗಳ ನಡುವೆ ಕಪ್ಪು ಸಂದು ಕಾಣದೆ ಒಂದೇ ತಾಮ್ರದ ಗಟ್ಟಿಯಂತೆ ಕಂಡರೆ ಆ ಡೈ ಸರಿ. ಕೇಬಲ್ಲೂ ಶುದ್ಧ ತಾಮ್ರದ್ದೇ ಇರಬೇಕು; ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ತಾಮ್ರದ ಲಗ್ಗಿನೊಳಗೆ ತೇವ ತಾಗಿದರೆ ಕೊರೆದುಹೋಗುತ್ತದೆ, ಅದನ್ನು ಯಾವ ಟೂಲೂ ಉಳಿಸಲಾರದು.

ಸೋಲ್ಡರ್ ತುಂಬಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ತವರ-ಸೀಸದ ಸಾಮಾನ್ಯ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬೋಲ್ಟ್ ಸಡಿಲಾಗಿ ಜೋಡಣೆ ಕಾದರೆ ಕೇಬಲ್ಲೇ ಕಳಚಿಬೀಳಬಹುದು. ಎಳೆಗಳ ಗುಂಟ ಒಳಕ್ಕೇರಿದ ಸೋಲ್ಡರ್ ಕೇಬಲ್ಲನ್ನು ಸೆಟೆದು ನಿಲ್ಲುವಂತೆ ಮಾಡುತ್ತದೆ, ಟ್ರ್ಯಾಕ್ಟರಿನ ನಡುಕಕ್ಕೆ ಆ ಗಡಿಯಲ್ಲೇ ಎಳೆಗಳು ತುಂಡಾಗುತ್ತವೆ. ಸರಿಯಾಗಿ ಒತ್ತಿದ ಲಗ್ಗಿನಲ್ಲಿ ಸೋಲ್ಡರ್ ಹೋಗಲು ಜಾಗವೇ ಇರುವುದಿಲ್ಲ. ಸುತ್ತಿಗೆಯ ಲಗ್ಗುಗಳು ವರ್ಷಗಟ್ಟಲೆ ನಡೆದಿವೆಯಲ್ಲ ಎಂಬ ಮಾತಿನಲ್ಲೂ ಹುರುಳಿದೆ. ಆದರೆ ಸೆಲ್ಫ್ ಓಡುವುದು ಕೆಲವೇ ಸೆಕೆಂಡು, ಜೋಡಣೆ ಪೂರ್ತಿ ಕಾಯುವ ಮೊದಲೇ ಕೆಲಸ ಮುಗಿಯುತ್ತದೆ. ಇನ್ವರ್ಟರ್ ಗಂಟೆಗಟ್ಟಲೆ ಓಡುತ್ತದೆ. ಅಲ್ಲಿ ಆ ರಿಯಾಯಿತಿ ಇಲ್ಲ.

ನಾಲ್ಕು ಲಗ್ಗಿಗಾಗಿ ಹೈಡ್ರಾಲಿಕ್ ಟೂಲಿಗೆ ದುಡ್ಡು ಹಾಕುವುದೇ ಎಂಬ ಆಕ್ಷೇಪ ನ್ಯಾಯವಾದದ್ದು. ಪ್ರತಿ ರೈತ, ಪ್ರತಿ ಮನೆ ಈ ಟೂಲ್ ಕೊಳ್ಳಬೇಕಿಲ್ಲ. ದಿನವೂ ಲಗ್ ಒತ್ತುವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ಬ್ಯಾಟರಿ ಮಾರುವವರಲ್ಲಿ ಸರಿಯಾದ ಡೈಗಳ ಸಮೇತ ಒಂದಿದ್ದರೆ ಊರಿಗೇ ಸಾಕು. ಗಿರಾಕಿ ಮಾಡಬೇಕಾದದ್ದು ಕೇಳುವುದು ಮತ್ತು ಅಳೆಯುವುದು. ಇನ್ವರ್ಟರಿಗೆ ಪೂರ್ತಿ ಲೋಡ್ ಕೊಟ್ಟು, ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಲಗ್ಗಿಗೂ ಇನ್ನೊಂದನ್ನು ಅದರ ಹಿಂದಿನ ತಾಮ್ರದ ಎಳೆಗೂ ತಾಗಿಸಿ. 80 ಆಂಪಿಯರಿನಲ್ಲಿ ಕೆಲವೇ ಮಿಲಿವೋಲ್ಟ್ ತೋರಿದರೆ ಜೋಡಣೆ ಗಟ್ಟಿ. ನೂರರ ಹತ್ತಿರ ಹೋದರೆ ಕತ್ತರಿಸಿ ಹೊಸ ಲಗ್ ಹಾಕಿಸಿ. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಈ ಒಂದು ಪರೀಕ್ಷೆ ತಪ್ಪದೆ ಮಾಡಿಸಿ.