ಗೊರಕೆ ನಿಂತ ಗಳಿಗೆ

ನಮ್ಮ ಮನೆಯಲ್ಲಿ ತಂದೆಯವರ ಗೊರಕೆ ಒಂದು ವಿನೋದದ ಸಂಗತಿಯಾಗಿತ್ತು. ಉಳಿದುಕೊಂಡ ನೆಂಟರು ಬೆಳಿಗ್ಗೆ ಕಾಫಿ ಕುಡಿಯುತ್ತ ಕುಂಭಕರ್ಣನನ್ನು ನೆನೆದು ನಗುವರು, ತಂದೆಯವರೂ ನಗುವರು. ನಗದೆ ಇದ್ದವರು ತಾಯಿ ಒಬ್ಬರೇ. "ಅವರು ಗೊರಕೆ ಹೊಡೆಯುತ್ತಿದ್ದರೆ ನನಗೆ ನಿದ್ರೆ ಬರುತ್ತದೆ ಕಣೋ, ಅದು ನಿಂತಾಗಲೇ ಎಚ್ಚರವಾಗುವುದು" ಎನ್ನುತ್ತಿದ್ದರು. ತಂದೆಯವರ ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಮುಂಜಾನೆ, ಅವರ ಬಲಗೈ ಮೇಲೇಳಲಿಲ್ಲ, ಮಾತು ತೊದಲಿತು. ಲಕ್ವಕ್ಕೆ ಗೊರಕೆಯೇ ಕಾರಣವೆಂದು ನಾನು ಹೇಳಲಾರೆ, ಅವರಿಗೆ ರಕ್ತದೊತ್ತಡವೂ ಇತ್ತು. ಆದರೆ ಆ ರಕ್ತದೊತ್ತಡ ಎಲ್ಲಿಂದ ಬಂತೆಂದು ನಾವಾರೂ ಕೇಳಿರಲಿಲ್ಲ.

ಗೊರಕೆಯೆಂದರೆ ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗುವ ಸದ್ದು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆಯ ಬುಡ ಹಿಂದಕ್ಕೆ ಜಾರಿ, ಕೆಲವರಲ್ಲಿ ಆ ದಾರಿಯೇ ಮುಚ್ಚಿಹೋಗುತ್ತದೆ. ಎದೆ ಏಳುತ್ತದೆ, ಬೀಳುತ್ತದೆ. ಗಾಳಿ ಮಾತ್ರ ಒಳಹೋಗದು. ಹೀಗೆ 10 ಸೆಕೆಂಡಾದರೂ ಉಸಿರು ನಿಂತರೆ ಅದು ಶ್ವಾಸಸ್ತಂಭನ. ವೈದ್ಯರ ಬಾಯಲ್ಲಿ ಸ್ಲೀಪ್ ಆಪ್ನಿಯ. ಉಸಿರು ನಿಲ್ಲುವುದೂ ತೀರ ಕುಗ್ಗುವುದೂ ಸೇರಿ ಗಂಟೆಗೆ 30 ಸಲ ಮುಟ್ಟಿದರೆ ತೀವ್ರವೆಂದು ಲೆಕ್ಕ.

ಪ್ರತಿಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಗೊಂಡು ಮಲಗಿದವನನ್ನು ಅರ್ಧ ಎಚ್ಚರಿಸುತ್ತದೆ. ಬೆಳಿಗ್ಗೆ ಅವನಿಗೆ ಅದರ ನೆನಪಿರದು. ಆ ಗಳಿಗೆಯಲ್ಲಿ ರಕ್ತದೊತ್ತಡ ಥಟ್ಟನೆ ಏರುತ್ತದೆ. ರಾತ್ರಿ ಅದು ತಗ್ಗಿ ರಕ್ತನಾಳಗಳಿಗೆ ವಿರಾಮ ಸಿಗಬೇಕಾದುದು ಪ್ರಕೃತಿಯ ಏರ್ಪಾಡು. ಇವನ ನಾಳಗಳಿಗೆ ಆ ವಿರಾಮವಿಲ್ಲ. ವರ್ಷಗಳು ಕಳೆದಂತೆ ನಾಳಗಳ ಒಳಪದರ ಕೆಡುತ್ತದೆ, ಹಗಲಿನ ರಕ್ತದೊತ್ತಡವೂ ಏರಿ ನಿಲ್ಲುತ್ತದೆ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರತೊಡಗಿದರೆ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಸಾವಿರಕ್ಕೂ ಮಿಕ್ಕ ಜನರನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ರಕ್ತದೊತ್ತಡವೇ ಮೊದಲಾದವನ್ನು ಕಳೆದರೂ, ಈ ತೊಂದರೆಯಿದ್ದವರಿಗೆ ಲಕ್ವ ಅಥವಾ ಮರಣದ ಸಂಭವ ಸುಮಾರು ಎರಡು ಪಟ್ಟು.

ಮೂಗಿಗೆ ಮುಖವಾಡ ಹಾಕಿ, ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಉಪಾಯವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಹಗಲಿನ ತೂಕಡಿಕೆ ಅದರಿಂದ ನಿಶ್ಚಯವಾಗಿ ತಗ್ಗುತ್ತದೆ. ಲಕ್ವ ತಪ್ಪುವುದೇ? ಮೊದಲೇ ಹೃದ್ರೋಗವೋ ಲಕ್ವವೋ ಬಂದಿದ್ದ ಸುಮಾರು 2,700 ಮಂದಿಯ ಮೇಲೆ ನಡೆದು 2016ರಲ್ಲಿ ಹೊರಬಂದ ಪರೀಕ್ಷೆಯಲ್ಲಿ ಅಂಥ ಲಾಭ ಕಾಣಲಿಲ್ಲ. ಅವರು ಮುಖವಾಡ ಧರಿಸಿದ್ದು ರಾತ್ರಿಗೆ ಸರಾಸರಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದು ಸಾಲದಾಯಿತೇ, ಅಥವಾ ನಾಳಗಳು ಅಷ್ಟರಲ್ಲೇ ಕೆಟ್ಟಿದ್ದವೇ ಎಂಬ ಚರ್ಚೆ ಮುಗಿದಿಲ್ಲ.

ಕಳೆದ ವರ್ಷ ನನ್ನ ಗೊರಕೆಯ ಸರದಿ ಬಂತು. ವೈದ್ಯರು ನನ್ನ ನಾಡಿ ನೋಡಿ, ಕತ್ತಿನ ಸುತ್ತಳತೆ ಅಳೆದು, ಪ್ರಶ್ನೆಗಳನ್ನೆಲ್ಲ ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿಗೆ ಕೇಳಿದರು. "ಗೊರಕೆ ಇರಲಿ, ನಡುನಡುವೆ ನಿಲ್ಲುತ್ತದೆಯೇ ಅಮ್ಮ?" ಅವಳು ಕೂಡಲೇ ಹೌದೆಂದಳು.